ಜಗಳಕ್ಕೆ ನಿಂತ ಎಲೆಕೋಸು

ಅಕ್ಕನ ಮಗಳು ಪುಟ್ಟಿ ಈಗ ಎರಡನೇ ಪಿಯುಸಿ. ಹತ್ತನೇ ಕ್ಲಾಸಿನವರೆಗೂ ತಿಪಟೂರಿನಲ್ಲಿ ಕನ್ನಡ ಮೀಡಿಯಂ. ಈಗ ವಿಜಯನಗರದ ನಮ್ಮ ಮನೆಯಲ್ಲಿದ್ದುಕೊಂಡು ಕಾಮರ್ಸ್ ಓದುತ್ತಾ ಲಾ ಕಾಲೇಜಿನ ಪ್ರವೇಶ ಪರೀಕ್ಷೆ ಕ್ಲಾಟ್‌ಗೆ ತಯಾರಿ ಮಾಡುತ್ತಿದ್ದಾಳೆ. ನಾಗರಭಾವಿಯ ಲಾ ಸ್ಕೂಲೇ ಬೇಕಂತೆ. ದೂರ ಏನಿಲ್ಲ, ನಮ್ಮ ಮನೆಗೆ ಹತ್ತಿರವೇ. ಆದರೆ ಒಳಗೆ ಹೋಗಬೇಕಾದರೆ ಎರಡು ಗಂಟೆಯಲ್ಲಿ 120 ಪ್ರಶ್ನೆ ಮುಗಿಸಬೇಕು, ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಪುಟ್ಟಿ ಲಾಜಿಕ್‌ನಲ್ಲಿ ಚುರುಕು, ದಿನಾ ಪೇಪರ್ ಓದುತ್ತಾಳೆ. ಅವಳನ್ನು ತಡೆದು ನಿಲ್ಲಿಸುವುದು ಇಂಗ್ಲಿಷ್ ಪದಗಳು.

ನಾನು ರಾಜಾಜಿನಗರದ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಬಿಲ್ ಬುಕ್ಕು. ಅಚ್ಚು ಕೆಟ್ಟ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದಲ್ವಾ? ಒಳ್ಳೆ ದಪ್ಪ ಕಾಗದ. ರಾತ್ರಿ ಊಟ ಆದ ಮೇಲೆ ಅದರ ಮೇಲೆ ಪುಟ್ಟಿಗೆ ಆ ಪದಗಳು ನೆನಪಿರಲಿ ಅಂತ ಚಿತ್ರ ಬರೆದುಕೊಡುತ್ತೇನೆ.

ಅವಳಿಗೆ ತುಂಬಾ ಇಷ್ಟವಾದದ್ದು 'ಬೆಲಿಕೋಸ್'. ಸದಾ ಜಗಳಕ್ಕೆ ಸಿದ್ಧ ಇರುವವರು ಅಂತ ಅರ್ಥ. ಕೇಳಿದ ತಕ್ಷಣ ನನಗೆ ಎಲೆಕೋಸು ಅಂತಲೇ ಕೇಳಿಸಿತು. ಕೆ.ಆರ್. ಮಾರ್ಕೆಟ್ಟಿನ ತರಕಾರಿ ಸಾಲು ಬರೆದೆ. ಬುಟ್ಟಿಯಿಂದ ಹಾರಿ ಬಂದ ಎಲೆಕೋಸು ಪಂಚೆ ಎತ್ತಿ ಕಟ್ಟಿ, ಪಕ್ಕದ ಹೂಕೋಸಿನ ಕಾಲರ್ ಹಿಡಿದಿದೆ. ಸಿಟ್ಟಿಗೆ ಮೇಲಿನ ಎಲೆಗಳೆಲ್ಲ ಸೆಟೆದು ನಿಂತಿವೆ. ನಡುವೆ ಪಾಪ ಒಂದು ನವಿಲುಕೋಸು ಕೈ ಮುಗಿದು ಜಗಳ ಬಿಡಿಸುತ್ತಿದೆ. ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಆ ಪದವನ್ನು ಅವಳಿಗೆ ಮತ್ತೆ ಹೇಳಿಕೊಡಬೇಕಾಗಲಿಲ್ಲ.

ಈ ದಾರಿ ಹೊಸದೇನಲ್ಲ. 1975ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಿಚರ್ಡ್ ಅಟ್ಕಿನ್ಸನ್ ಮತ್ತು ಅವರ ಜೊತೆಗಾರರು ಇಂಗ್ಲಿಷ್ ಬಲ್ಲ ವಿದ್ಯಾರ್ಥಿಗಳಿಗೆ ರಷ್ಯನ್ ಪದಗಳನ್ನು ಹೀಗೇ ಕಲಿಸಿ ನೋಡಿದ್ದರು. ಪರಭಾಷೆಯ ಪದಕ್ಕೆ ತಮ್ಮ ಭಾಷೆಯಲ್ಲಿ ಸದ್ದು ಹೋಲುವ ಪದ ಹುಡುಕಬೇಕು. ಆಮೇಲೆ ಎರಡನ್ನೂ ಸೇರಿಸಿ ಮನಸ್ಸಿನಲ್ಲಿ ಒಂದು ಚಿತ್ರ ಕಟ್ಟಬೇಕು. ಹಾಗೆ ಕಲಿತವರಿಗೇ ಜಾಸ್ತಿ ನೆನಪಿತ್ತು. ಅಮೆರಿಕದಲ್ಲಿ ಕಾಲೇಜು ಸೇರೋಕೆ ಬರೆಯುವ ಎಸ್‌ಎಟಿ ಪರೀಕ್ಷೆಗೆ ಓದುವ ಮಕ್ಕಳಿಗಾಗಿ ಇಂಥ ಕಾರ್ಟೂನ್ ಪುಸ್ತಕಗಳೇ ಬಂದಿವೆ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಸಾಲಿನಲ್ಲಿ ಅಂಥದೊಂದು ಸಿಕ್ಕಿತು, ತಂದುಕೊಟ್ಟೆ. ಅದರ ನಗು ಪುಟ್ಟಿಗೆ ತಾಗಲಿಲ್ಲ. ಸದ್ದು ಇಂಗ್ಲಿಷಿನದು, ಊಟ ಆಟ ಎಲ್ಲ ಅಲ್ಲಿಯದು. ಚಿತ್ರದಲ್ಲಿ ಏನು ನಡೀತಿದೆ ಅಂತ ಮೊದಲು ಬಿಡಿಸಿ ಹೇಳಬೇಕಾದರೆ ನಗು ಎಲ್ಲಿಂದ ಬರಬೇಕು?

ಸದ್ದು ಸಿಕ್ಕಿಬಿಟ್ಟರೆ ಸಾಲದು. ಪುಟ್ಟಿಯ ಗೆಳತಿಯೊಬ್ಬಳು 'ಕ್ಯಾಂಡಿಡ್'ಗೆ ಒಂದು ಕ್ಯಾಂಡಿ ಬರೆದುಕೊಂಡಿದ್ದಳು, ಅಷ್ಟೇ. ಟೆಸ್ಟಿನಲ್ಲಿ ಸಿಹಿ ನೆನಪಾಗಿ 'ಸಿಹಿಯಾಗಿ ಮಾತಾಡುವವರು' ಅನ್ನೋ ಉತ್ತರಕ್ಕೆ ಗುರುತು ಹಾಕಿದಳು. ಅದರ ಅರ್ಥ ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿಬಿಡೋದು! ಕ್ಯಾಂಡಿಯನ್ನು ಹಾಗೇ ಇಟ್ಟುಕೊಂಡು ಬೇರೆ ಚಿತ್ರ ಬರೆದುಕೊಟ್ಟೆ. ಪಕ್ಕದ ಮನೆ ಆಂಟಿ ಪ್ರೀತಿಯಿಂದ ಕ್ಯಾಂಡಿ ಕೊಟ್ಟಿದ್ದಾರೆ, ಮೂರು ವರ್ಷದ ಮಗು ಅದನ್ನು ಬಾಯಿಂದ ತೆಗೆದು ವಾಪಸ್ ಕೊಡುತ್ತಾ 'ಆಂಟಿ, ಚೆನ್ನಾಗಿಲ್ಲ' ಅನ್ನುತ್ತಿದೆ. ಚಿತ್ರದೊಳಗೆ ನಡೆಯುವ ಕೆಲಸವೇ ಪದದ ಅರ್ಥ ಆಗಿರಬೇಕು. ನಾನು ಬಿಡದೆ ಪಾಲಿಸೋದು ಇದೊಂದನ್ನೇ. 'ಪಾರ್ಸಿಮೋನಿಯಸ್' ಅಂದರೆ ಜಿಪುಣ. ಅದಕ್ಕೆ ದರ್ಶಿನಿಯಲ್ಲಿ ಒಂದೇ ಇಡ್ಲಿ ಪಾರ್ಸಲ್ ಮಾಡಿಸಿ, ಮನೆಯಲ್ಲಿ ಸ್ಕೇಲ್ ಇಟ್ಟು ನಾಲ್ಕು ಜನಕ್ಕೆ ಕತ್ತರಿಸುವ ಯಜಮಾನ. 'ಲಕಾನಿಕ್' ಅಂದರೆ ಒಂದೆರಡು ಮಾತಿನಲ್ಲೇ ಮುಗಿಸುವವರು. ಅದಕ್ಕೆ ಚಿಲ್ಲರೆ ಎಣಿಸಿದ ಹಾಗೆ ಮಾತನ್ನೂ ಲೆಕ್ಕ ಹಾಕಿ ಕೊಡುವ ಬಿಎಂಟಿಸಿ ಕಂಡಕ್ಟರ್. ಹತ್ತಿ. ಇಳೀರಿ. ಮುಗೀತು.

ಎಲ್ಲ ಪದಕ್ಕೂ ತಮಾಷೆ ಚಿತ್ರ ಬರೆಯೋದಿಲ್ಲ. 1986ರಲ್ಲಿ ಮೆಕ್‌ಡೇನಿಯಲ್ ಮತ್ತು ಐನ್‌ಸ್ಟೈನ್ ಅನ್ನೋ ಮನಃಶಾಸ್ತ್ರಜ್ಞರು ಒಂದು ವಿಷಯ ತೋರಿಸಿದರು. ವಿಚಿತ್ರ ಚಿತ್ರಗಳು ಜಾಸ್ತಿ ನೆನಪಿರೋದು ಸಾದಾ ಚಿತ್ರಗಳ ನಡುವೆ ಬಂದಾಗ. ಎಲ್ಲವೂ ವಿಚಿತ್ರವಾದರೆ ಆ ಲಾಭ ಸಿಗೋದಿಲ್ಲ. ಹಾಗಾಗಿ ಎಷ್ಟು ಸಲ ಓದಿದರೂ ಜಾರಿಹೋಗುವ ಪದಕ್ಕೆ ಮಾತ್ರ ತಮಾಷೆ ಚಿತ್ರ. ಉಳಿದವಕ್ಕೆ ಸುಮ್ನೆ ಒಂದು ವಾಕ್ಯ ಸಾಕು.

ಇನ್ನು ಪರೀಕ್ಷೆಯೂ ಬದಲಾಗಿದೆ. ಎಸ್‌ಎಟಿಯಲ್ಲಿ 2005ರಲ್ಲಿ ಪದಜೋಡಿಗಳ ಸಂಬಂಧ ಹೋಲಿಸುವ ಪ್ರಶ್ನೆಗಳು ಹೋದವು, 2016ರಲ್ಲಿ ಬಿಡಿ ವಾಕ್ಯಗಳಲ್ಲಿ ಬಿಟ್ಟ ಪದ ತುಂಬುವ ಪ್ರಶ್ನೆಗಳೂ ಹೋದವು. ನಮ್ಮ ಕ್ಲಾಟ್ 2020ರಿಂದ ಪೂರ್ತಿ ಪ್ಯಾಸೇಜ್ ಮೇಲೆ ನಡೆಯುತ್ತದೆ. ಇಂಗ್ಲಿಷ್ ಭಾಗದಲ್ಲಿ ಸುಮಾರು 450 ಪದಗಳ ಪ್ಯಾಸೇಜ್ ಕೊಟ್ಟು, ಈ ಪದ ಇಲ್ಲಿ ಯಾವ ಅರ್ಥದಲ್ಲಿ ಬಂದಿದೆ ಅಂತ ಕೇಳುತ್ತಾರೆ. ಇದನ್ನು ನೋಡಿ ಕೆಲವರು ಪದ ಕಲಿಯೋದನ್ನೇ ಬಿಟ್ಟಿದ್ದಾರೆ. ನಾನು ಒಪ್ಪೋದಿಲ್ಲ. ಸಾಲು ಸಾಲಿಗೂ ಗೊತ್ತಿಲ್ಲದ ಪದ ಬಂದರೆ ಕನ್ನಡ ಮೀಡಿಯಂ ಮಗು ಯಾವುದರಿಂದ ಯಾವುದನ್ನು ಊಹಿಸಬೇಕು? ಮೊನ್ನೆ ಒಂದು ಪ್ಯಾಸೇಜಿನಲ್ಲಿ 'ಲಕಾನಿಕ್' ಬಂತು. ಪುಟ್ಟಿ ತಲೆ ಎತ್ತದೆ, 'ಚಿಕ್ಕಮ್ಮಾ, ಈ ಜಡ್ಜು ನಮ್ಮ ಕಂಡಕ್ಟರ್ ಥರಾನೇ' ಅಂದು ಮುಂದಿನ ಸಾಲಿಗೆ ಹೋದಳು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಕೈಲಿದ್ದ ಕೆಲಸ ಬಿಟ್ಟು ಅವಳನ್ನೇ ನೋಡುತ್ತಾ ಕೂತೆ.

ಕಾರ್ಡುಗಳೆಲ್ಲ ಚಪ್ಪಲಿ ಡಬ್ಬದಲ್ಲಿವೆ. ಗೊತ್ತಿರೋದು ಹಿಂದಕ್ಕೆ, ತಪ್ಪಿದ್ದು ಮುಂದಕ್ಕೆ. ಮುಂದಿನವನ್ನು ದಿನಾ ನೋಡುತ್ತಾಳೆ, ಹಿಂದಿನವನ್ನು ಭಾನುವಾರ ಮಾತ್ರ.

ಈಗೀಗ ಅವಳೇ ಬರೆಯಲಿ ಅಂತ ಪೆನ್ಸಿಲ್ ಕೊಡುತ್ತಿದ್ದೇನೆ. ಸ್ವಂತ ಕೈಯಲ್ಲಿ ಬರೆದದ್ದೇ ಅವಳಿಗೆ ಜಾಸ್ತಿ ನೆನಪಿರುತ್ತದೆ. ಈ ವಾರ 'ಸಿಕೊಫ್ಯಾಂಟ್', ಅಂದರೆ ದೊಡ್ಡವರನ್ನು ಓಲೈಸುವವರು. ಯಜಮಾನರ ಪ್ಯಾಂಟಿನ ಧೂಳನ್ನು ತನ್ನ ಕರ್ಚೀಫಿನಲ್ಲಿ ಒರೆಸುವವನನ್ನು ಬರೀತಾಳಂತೆ. ಪ್ಯಾಂಟು ಚೆನ್ನಾಗಿ ಬಂದಿದೆ. ಒರೆಸುವವನ ಮುಖದಲ್ಲಿ ಆ ಹಲ್ಲುಗಿಂಜುವ ನಗು ಇನ್ನೂ ಕೂತಿಲ್ಲ, ಅಳಿಸಿ ಅಳಿಸಿ ಬರೆಯುತ್ತಿದ್ದಾಳೆ.