ಪಾಟ್ ದೊಡ್ಡದಾದಾಗಲೇ ನೆನಪಾಗುವ ನಿಯಮಗಳು

ಮನೆಯಲ್ಲಿ ಪೋಕರ್ ಆಡುವಾಗ ಯಾರೂ ಮೊದಲೇ ನಿಯಮ ಮಾತಾಡುವುದಿಲ್ಲ. ಪಾಟ್, ಅಂದರೆ ನಡುವೆ ಸೇರಿದ ಪಣದ ದುಡ್ಡು, ದೊಡ್ಡದಾದ ಮೇಲೆ ಎಲ್ಲರೂ ವಕೀಲರೇ! ನಿನ್ನೆ 20ರ ಬೆಟ್ ಇತ್ತು, ಒಬ್ಬ ಏನೂ ಹೇಳದೆ 100ರ ಒಂದೇ ಚಿಪ್ ತಳ್ಳಿದ, ಸರಿ ಕಾಲ್ (ಬೆಟ್‌ಗೆ ಸಮನಾಗಿ ಹಾಕುವುದು) ಅಂತ ಎಲ್ಲರೂ ಅಂದುಕೊಂಡರೆ ಅವನು ಚಿಲ್ಲರೆ ಮುಟ್ಟದೆ "ರೇಸ್" ಅಂದ, ಅಂದರೆ ಬೆಟ್ ಏರಿಸಿದ್ದೇನೆ ಅಂತ. ಕ್ಯಾಸಿನೋದಲ್ಲಾದರೆ ಮಾತೇ ಇಲ್ಲ. ರೇಸ್ ಅಂತ ಮೊದಲೇ ಹೇಳದೆ ಒಂದೇ ದೊಡ್ಡ ಚಿಪ್ ಹಾಕಿದರೆ ಅದು ಕಾಲ್ ಅಷ್ಟೇ. ಮನೆಯಲ್ಲಿ ಮಾತ್ರ "ನಾವು ಯಾವಾಗಲೂ ಹೀಗೇ ಆಡೋದು" ಅನ್ನುವವನೊಬ್ಬ ಇದ್ದೇ ಇರುತ್ತಾನೆ. ಕೊನೆಗೆ ತೀರ್ಪು ಮನೆಯವನದು, ಆದರೆ ಅವನೂ ಅದೇ ಕೈಯಲ್ಲಿ (ಆ ಸುತ್ತಿನ ಆಟದಲ್ಲಿ) ಆಡುತ್ತಿದ್ದಾನಲ್ವಾ? ಆ ಕೈಯಲ್ಲಿ ಇಲ್ಲದವರು ಯಾರಾದರೂ ಹೇಳಲಿ ಅನ್ನುವುದು ನನ್ನ ವಾದ.

ಇನ್ನೊಂದು, ಶೋಡೌನ್‌ನಲ್ಲಿ, ಅಂದರೆ ಕೊನೆಗೆ ಎಲೆ ಬಿಚ್ಚಿ ತೋರಿಸುವಾಗ, ಟೂ ಪೇರ್ ಅಂತ ಹೇಳಿ ಅದಕ್ಕಿಂತ ದೊಡ್ಡದಾದ ಫ್ಲಶ್ ಇಟ್ಟವನಿಗೆ "ಹೇಳಿದ್ದೇ ಲೆಕ್ಕ" ಅನ್ನುವುದು ಸುಮ್ನೆ ಕಿರಿಕ್. ಟೇಬಲ್ ಮೇಲೆ ಬಿಚ್ಚಿಟ್ಟ ಎಲೆ ಏನು ಹೇಳುತ್ತದೋ ಅದೇ ಲೆಕ್ಕ. ಕೈ ನಡೆಯುವಾಗ ಜೇಬಿನಿಂದ ದುಡ್ಡು ತೆಗೆಯುವುದಂತೂ ಬೇಡವೇ ಬೇಡ, ಎದುರಿಗಿರುವ ಚಿಪ್‌ನಷ್ಟೇ ಆಟ. ನಮ್ಮಲ್ಲಿ ಇದೊಂದಕ್ಕೆ ಮಾತ್ರ ಯಾರೂ ತಕರಾರು ತೆಗೆದಿಲ್ಲ, ಸದ್ಯ.