ಎಚ್3 ಬಾಲದ ಕೆಲಸ: ಟ್ರಿಪ್ಸಿನ್ ಕೈಕೊಟ್ಟ ವಾರ

ರಾತ್ರಿಯಿಡೀ 37 ಡಿಗ್ರಿಯಲ್ಲಿ ಟ್ರಿಪ್ಸಿನ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಹಾಕಿಟ್ಟು ಬೆಳಿಗ್ಗೆ ನೋಡುತ್ತೇನೆ ಅಂತ ಹೋದ ಸಲ ಬರೆದಿದ್ದೆ. ನೋಡಿದೆ. ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್‌ಗಳಲ್ಲೊಂದಾದ ಹಿಸ್ಟೋನ್ ಎಚ್3ಯ ನಡುಭಾಗ ಚೆನ್ನಾಗಿ ಬಂದಿದೆ. ನನಗೆ ಬೇಕಿದ್ದ ಬಾಲ, ಅಂದರೆ ಅದರ ಶುರುವಿನ ತುದಿ, ಮಾತ್ರ ನಾಪತ್ತೆ.

ಮೊದಲು ತುಂಡುಗಳನ್ನು ಬೇರ್ಪಡಿಸುವ ಕಾಲಮ್ ಮೇಲೆ ಅನುಮಾನ ಬಂತು. ಆಮೇಲೆ ಕಿಣ್ವ ಹಳೆಯದಾಗಿರಬೇಕು ಅಂದುಕೊಂಡೆ. ಎರಡೂ ಅಲ್ಲ. ಸುಮ್ನೆ ಪೆನ್ನು ಹಿಡಿದು ಸೀಕ್ವೆನ್ಸ್ ಓದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಟ್ರಿಪ್ಸಿನ್ ಕತ್ತರಿಸುವುದು ಲೈಸಿನ್ ಮತ್ತು ಆರ್ಜಿನಿನ್ ಅನ್ನುವ ಅಮೈನೋ ಆಮ್ಲಗಳು ಆದ ಮೇಲೆ. ಈ ಬಾಲದ ತುಂಬ ಅವೇ. ಹಾಗಾಗಿ ತುಂಡುಗಳ ಉದ್ದ, ಕೊಂಡಿ (ಒಂದೊಂದು ಅಮೈನೋ ಆಮ್ಲ) ಲೆಕ್ಕದಲ್ಲಿ, ಶುರುವಿನಿಂದ 2, 2, 4, 1, 5, 3, 1, 5. ಇಷ್ಟು ಚಿಕ್ಕವು ಸಿ18 ಕಾಲಮ್‌ಗೆ ಅಂಟುವುದೇ ಕಷ್ಟ, ಉಪ್ಪಿನ ಜೊತೆ ತೊಳೆದುಹೋಗುತ್ತವೆ. ಅದೂ ಅಲ್ಲದೆ, ಲೈಸಿನ್ ಮೇಲೆ ಅಸಿಟೈಲ್ ಅನ್ನುವ ಚಿಕ್ಕ ರಾಸಾಯನಿಕ ಗುರುತು ಇದ್ದರೆ ಅಲ್ಲಿ ಕತ್ತರಿ ಬೀಳುವುದಿಲ್ಲ. ಒಂದೇ ಜಾಗಕ್ಕೆ ಬೇರೆ ಬೇರೆ ತುಂಡು ಸಿಕ್ಕರೆ ಹೋಲಿಸುವುದು ಹೇಗೆ?

ಲೈಸಿನ್ ಆದ ಮೇಲೆ ಕತ್ತರಿಸುವ ಲೈಸ್-ಸಿ 8 ಮೋಲಾರ್ ಯೂರಿಯಾದಲ್ಲೂ ದುಡಿಯುವ ಗಟ್ಟಿ ಕಿಣ್ವ, ಆದರೆ ಇಲ್ಲಿ ಅದೇ ತೊಂದರೆ. ಗ್ಲುಟಮಿಕ್ ಆಮ್ಲ ಆದ ಮೇಲೆ ಕತ್ತರಿಸುವ ಗ್ಲು-ಸಿ ಆಸೆ ಹುಟ್ಟಿಸಿತು. ಆದರೆ ಎಚ್3ಯಲ್ಲಿ ಮೊದಲ ಗ್ಲುಟಮಿಕ್ ಆಮ್ಲ ಇರುವುದು 50ನೇ ಜಾಗದಲ್ಲಿ. 50 ಕೊಂಡಿಯ ಒಂದೇ ತುಂಡು ತುಂಡುಗಳ ತೂಕ ಅಳೆಯುವ ನನ್ನ ಮಾಮೂಲಿ ಸೆಟಪ್‌ಗೆ ಜಾಸ್ತಿಯಾಯ್ತು.

ಕೊನೆಗೆ ಟ್ರಿಪ್ಸಿನ್ನನ್ನೇ ಉಳಿಸಿಕೊಂಡೆ, ಲೈಸಿನ್‌ಗಳಿಗೆ ಮುಸುಕು ಹಾಕಿದೆ. ಪ್ರೊಪಿಯಾನಿಕ್ ಅನ್‌ಹೈಡ್ರೈಡ್ ಹಾಕಿದರೆ ಲೈಸಿನ್ ಮುಚ್ಚಿಹೋಗುತ್ತದೆ, ಕತ್ತರಿ ಆರ್ಜಿನಿನ್‌ನಲ್ಲಿ ಮಾತ್ರ ಬೀಳುತ್ತದೆ. ಆಗ ಕೆ-ಎಸ್-ಟಿ-ಜಿ-ಜಿ-ಕೆ-ಎ-ಪಿ-ಆರ್ (ಕೆ ಅಂದರೆ ಲೈಸಿನ್, ಆರ್ ಅಂದರೆ ಆರ್ಜಿನಿನ್) ಅನ್ನುವ 9 ಕೊಂಡಿಯ ತುಂಡು ಸಿಗಬೇಕು. ಒಂದೊಂದು ಮುಸುಕಿಗೆ 56 ಡಾಲ್ಟನ್ (ಅಣುವಿನ ತೂಕದ ಅಳತೆ) ತೂಕ, ಎರಡಕ್ಕೆ 112.

ಮೊದಲ ಪ್ರಯತ್ನದಲ್ಲಿ ಸಿಕ್ಕಿದ್ದು ಬರೀ 56 ಹೆಚ್ಚಿದ್ದ, ಶುರುವಿನ ಕೆ ಕಳೆದುಕೊಂಡ 8 ಕೊಂಡಿಯ ತುಂಡು. ಅಂದರೆ 9ನೇ ಜಾಗದ ಲೈಸಿನ್ ಬೋಳಾಗಿಯೇ ಉಳಿದಿತ್ತು, ಟ್ರಿಪ್ಸಿನ್ ಅದನ್ನು ಕಚ್ಚಿಕೊಂಡು ಹೋಗಿತ್ತು. ತಪ್ಪು ನನ್ನದೇ. ಈ ಕ್ರಿಯೆಯಲ್ಲಿ ಆಮ್ಲ ಹುಟ್ಟಿ ಪಿಎಚ್ ಧಡಕ್ಕನೆ ಇಳಿಯುತ್ತದೆ, ಇಳಿದರೆ ಮುಸುಕು ಸರಿಯಾಗಿ ಕೂರುವುದಿಲ್ಲ. ನಾನು ಟ್ಯೂಬ್‌ಗೆ ಲೇಬಲ್ ಬರೆಯುತ್ತಾ ಕೂತಿದ್ದೆ! ಆಮೇಲೆ ಒಂದು ಹನಿ ಪಿಎಚ್ ಕಾಗದಕ್ಕೆ ಮುಟ್ಟಿಸಿದರೆ ಹಸಿರು ಬರಬೇಕಾದ ಕಡೆ ಕಿತ್ತಳೆ.

ಎರಡನೇ ಸಲ ಅಮೋನಿಯಾ ಪಿಪೆಟ್‌ನಲ್ಲಿ ತುಂಬಿಟ್ಟುಕೊಂಡೇ ಶುರು ಮಾಡಿದೆ. ಹನಿ ಹನಿ ಹಾಕಿ 8ರ ಹತ್ತಿರ ಹಿಡಿದಿಟ್ಟೆ, ಮುಸುಕು ಹಾಕುವುದನ್ನು ಎರಡು ಸುತ್ತು ಮಾಡಿದೆ. ನಿನ್ನೆ 112 ಸಿಕ್ಕಿತು. 8 ಕೊಂಡಿಯ ತುಂಡು ಇನ್ನೂ ಸಣ್ಣಗೆ ಕಾಣುತ್ತಿದೆ, ಅದರ ಹಿಂದೆ ಈ ವಾರ.