ಕಾರಣ ತಿಳಿಯದೆ ಹಸಿದವರು

10 ಏಪ್ರಿಲ್ 2025, ಗುರುವಾರ

ಇಂದಿಗೆ ಸರಿಯಾಗಿ 210 ವರ್ಷಗಳ ಹಿಂದೆ, 1815ರ ಏಪ್ರಿಲ್ 10ರ ಸಂಜೆ, ಇಂಡೊನೇಷ್ಯಾದ ಸುಂಬಾವಾ ದ್ವೀಪದ ತಾಂಬೋರಾ ಪರ್ವತ ತನ್ನ ಶಿಖರವನ್ನೇ ಕಳೆದುಕೊಂಡಿತು. ಕೆಲವು ವಾರಗಳಿಂದ ಜ್ವಾಲಾಮುಖಿಗಳ ವಿಷಯವನ್ನೇ ಓದುತ್ತಿರುವ ನನಗೆ ಈ ದಿನ ಹಾಗೆಯೇ ಕಳೆದುಹೋಗಬಾರದೆನ್ನಿಸಿ, ಟಿಪ್ಪಣಿ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತಿದ್ದೇನೆ. ಸ್ಫೋಟಕ್ಕೆ ಮೊದಲು ಸುಮಾರು 4,300 ಮೀಟರ್ ಎತ್ತರವಿತ್ತೆಂದು ಅಂದಾಜಿಸಲಾದ ಆ ಪರ್ವತ ಈಗ ಸುಮಾರು 2,850 ಮೀಟರ್ ಇದೆ. ತುದಿಯಿದ್ದ ಜಾಗದಲ್ಲಿ ಆರು ಕಿಲೋಮೀಟರ್ ಅಗಲದ ಕುಳಿಯಿದೆ. ಏಪ್ರಿಲ್ 5ರಂದು ಮೊದಲ ಬಾರಿಗೆ ಅದು ಗುಡುಗಿದಾಗ, ನೂರಾರು ಕಿಲೋಮೀಟರ್ ದೂರದ ಜಾವಾದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಅದನ್ನು ಫಿರಂಗಿಯ ಸದ್ದೆಂದು ತಿಳಿದು, ಎಲ್ಲೋ ದಾಳಿ ನಡೆದಿದೆಯೆಂಬ ಆತಂಕದಿಂದ ಸೈನಿಕರನ್ನು ಕಳುಹಿಸಿದ್ದರು.

ಪರ್ವತದ ಸುತ್ತಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕುದಿಯುವ ಅನಿಲ, ಬೂದಿ ಮತ್ತು ಕಲ್ಲಿನ ಪ್ರವಾಹ ಬಹುಬೇಗ ಕೊಂದಿತು. ಅದಕ್ಕಿಂತ ಹಲವು ಪಟ್ಟು ಜನ ನಂತರದ ತಿಂಗಳುಗಳಲ್ಲಿ, ಗದ್ದೆಗಳ ಮೇಲೆ ಬೂದಿ ಕುಳಿತು, ಕುಡಿಯುವ ನೀರು ಕೆಟ್ಟು, ಸುಂಬಾವಾದಲ್ಲಿಯೂ ನೆರೆಯ ಲೊಂಬೊಕ್ ದ್ವೀಪದಲ್ಲಿಯೂ ಹಸಿವಿನಿಂದ ಮತ್ತು ರೋಗದಿಂದ ತೀರಿಕೊಂಡರು. ಇವರಿಗಾದರೂ ತಮ್ಮನ್ನು ಕೊಲ್ಲುತ್ತಿರುವುದು ಯಾವುದೆಂದು ಗೊತ್ತಿತ್ತು; ಅದು ಅವರ ಕಣ್ಣೆದುರಿಗೇ ನಿಂತಿತ್ತು. ಓದುತ್ತಾ ಹೋದಂತೆ ನನ್ನನ್ನು ಹೆಚ್ಚು ಕಾಡಿದವರು ಬೇರೆಯವರು. ತಾಂಬೋರಾ ಎಂಬ ಹೆಸರನ್ನೇ ಕೇಳದೆ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಒಂದು ವರ್ಷದ ನಂತರ ಅದರಿಂದಲೇ ಹಸಿದವರು ಅವರು.

1816ರ ಜೂನ್ 6ರಂದು ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತ್ಯದಲ್ಲಿ ಹಿಮ ಬಿದ್ದಿತು. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿಯೂ ರಾತ್ರಿಯ ಕೊರೆಯುವ ಚಳಿಗೆ ಹೊಲದಲ್ಲಿದ್ದ ಮೆಕ್ಕೆಜೋಳ ಕರಕಲಾಯಿತು. ಪಶ್ಚಿಮ ಯುರೋಪಿನಲ್ಲಿ ಬೇಸಿಗೆಯುದ್ದಕ್ಕೂ ಮಳೆ ಹಿಡಿದು, ಧಾನ್ಯ ಹೊಲದಲ್ಲಿಯೇ ಕೊಳೆಯಿತು. ಪೂರ್ವ ಸ್ವಿಟ್ಜರ್ಲೆಂಡಿನಲ್ಲಿ 1817ರ ಹೊತ್ತಿಗೆ ಜನ ಹುಲ್ಲನ್ನು ಬೇಯಿಸಿ ತಿನ್ನುವ ಸ್ಥಿತಿಗೆ ಬಂದಿದ್ದರು. ಐರ್ಲೆಂಡಿನಲ್ಲಿ ಹಸಿವಿನ ಬೆನ್ನಿಗೇ ಟೈಫಸ್ ಜ್ವರ ಹಬ್ಬಿತು. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಬೇಸಿಗೆಯ ಚಳಿಗೆ ಸಿಕ್ಕ ಭತ್ತ ಕಾಳು ಕಟ್ಟದೆ ಹೋಗಿ, ಹೊಟ್ಟೆ ತುಂಬಿಸಿಕೊಳ್ಳಲು ಜನ ಬಿಳಿಯ ಜೇಡಿಮಣ್ಣನ್ನು ತಿಂದರು. ಆ ದಿನಗಳಲ್ಲಿ ಮಬ್ಬು ಎಷ್ಟಿತ್ತೆಂದರೆ ಸೂರ್ಯನ ಮೇಲಿನ ಕಲೆಗಳು ಬರಿಗಣ್ಣಿಗೇ ಕಾಣುತ್ತಿದ್ದವು. ಆದ್ದರಿಂದ ಹಲವರು ಆ ಕಲೆಗಳೇ ಚಳಿಗೆ ಕಾರಣವೆಂದು ನಂಬಿದರು. ಪಾಪ, ಕಣ್ಣಿಗೆ ಬಿದ್ದದ್ದನ್ನು ಹಿಡಿದುಕೊಂಡು ಕಾರಣ ಹುಡುಕಿದ ಅವರನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ. ಕಲೆಗಳನ್ನು ತೋರಿಸುತ್ತಿದ್ದ ಮಬ್ಬೇ ನಿಜವಾದ ಕಾರಣವಾಗಿತ್ತು. ತಾಂಬೋರಾಕ್ಕೂ ಆ ಬೇಸಿಗೆಯಿಲ್ಲದ ವರ್ಷಕ್ಕೂ ಇರುವ ನಂಟನ್ನು ಅಮೆರಿಕದ ಹವಾಮಾನ ವಿಜ್ಞಾನಿ ವಿಲಿಯಂ ಹಂಫ್ರೀಸ್ ವಾದಿಸಿ ಮುಂದಿಡುವ ಹೊತ್ತಿಗೆ ಒಂದು ಶತಮಾನವೇ ಕಳೆದಿತ್ತು.

ಹಂಫ್ರೀಸ್ ಅವರಿಗೂ ಅರ್ಧ ಕಾರಣವಷ್ಟೇ ಸಿಕ್ಕಿತ್ತು, ಏಕೆಂದರೆ ಅವರು ಬಿಸಿಲನ್ನು ತಡೆದದ್ದು ಜ್ವಾಲಾಮುಖಿಯ ಧೂಳೆಂದು ಭಾವಿಸಿದ್ದರು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಬೂದಿ ನೋಡಲು ಎಷ್ಟೇ ಭೀಕರವಾಗಿದ್ದರೂ ಅದು ಭಾರವಾದ ಕಲ್ಲಿನ ಪುಡಿ. ಅದರ ಬಹುಪಾಲು ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ನೆಲಕ್ಕಿಳಿಯುತ್ತದೆ. ವರ್ಷಗಟ್ಟಲೆ ಬಿಸಿಲನ್ನು ಕದಿಯುವುದು ಸ್ಫೋಟದೊಂದಿಗೆ ಮೇಲೇರುವ ಬಣ್ಣವಿಲ್ಲದ ಅನಿಲ, ಅಂದರೆ ಸಲ್ಫರ್ ಡೈಆಕ್ಸೈಡ್. ಅದು ವಾಯುಮಂಡಲದ ಕೆಳಗಿನ ಪದರದಲ್ಲಿಯೇ ಉಳಿದರೆ ಮಳೆ ಅದನ್ನು ಬೇಗನೆ ತೊಳೆದುಬಿಡುತ್ತದೆ. ಸ್ಫೋಟದ ಬಲಕ್ಕೆ ಅದು ಮೋಡಗಳನ್ನೂ ದಾಟಿ ಸಮೋಷ್ಣ ಮಂಡಲವನ್ನು ಸೇರಿದರೆ, ಅಲ್ಲಿ ತೊಳೆಯಲು ಮಳೆಯಿಲ್ಲ. ಕೆಲವು ವಾರಗಳಲ್ಲಿ ಆ ಅನಿಲ ನೀರಿನ ಆವಿಯೊಂದಿಗೆ ಕೂಡಿ ಗಂಧಕಾಮ್ಲದ ಹನಿಗಳಾಗುತ್ತದೆ. ಒಂದೊಂದು ಹನಿಯೂ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಚಿಕ್ಕದು. ಆ ಗಾತ್ರದ ಹನಿಗಳು ಮೇಲಿನಿಂದ ಬರುವ ಬಿಸಿಲನ್ನು ಚದುರಿಸಿ ಅದರ ಒಂದಂಶವನ್ನು ಹಿಂದಕ್ಕೆ ಕಳುಹಿಸುತ್ತವೆ, ಆದರೆ ಭೂಮಿಯಿಂದ ಹೊರಹೋಗುವ ಶಾಖಕ್ಕೆ ಅಷ್ಟಾಗಿ ಅಡ್ಡಬರುವುದಿಲ್ಲ. ಬರುವುದು ಕಡಿಮೆಯಾಗಿ ಹೋಗುವುದು ಹೆಚ್ಚುಕಡಿಮೆ ಅಷ್ಟೇ ಉಳಿದರೆ ಭೂಮಿ ತಣ್ಣಗಾಗಲೇಬೇಕು. ಸಮಭಾಜಕ ವೃತ್ತದ ಹತ್ತಿರದ ಸ್ಫೋಟವಾದರೆ ಗಾಳಿ ಆ ತೆರೆಯನ್ನು ಎರಡೂ ಗೋಲಾರ್ಧಗಳಿಗೆ ಹೊದಿಸುತ್ತದೆ, ಮತ್ತು ಅದು ಪೂರ್ತಿ ಇಳಿಯಲು ಎರಡು ಮೂರು ವರ್ಷಗಳೇ ಬೇಕಾಗುತ್ತವೆ.

ಆದ್ದರಿಂದ ಸ್ಫೋಟದ ಗಾತ್ರವನ್ನಷ್ಟೇ ನೋಡಿದರೆ ಏನೂ ತಿಳಿಯುವುದಿಲ್ಲ. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತ ಸಿಡಿದಾಗ ಅದರ ಒಂದು ಪಾರ್ಶ್ವವೇ ಕುಸಿಯಿತು, 57 ಜನ ಸತ್ತರು. ಆದರೆ ಹೊರಬಂದ ಸಲ್ಫರ್ ಡೈಆಕ್ಸೈಡ್ ಸುಮಾರು 10 ಲಕ್ಷ ಟನ್ ಮಾತ್ರವಾದ್ದರಿಂದ ಜಗತ್ತಿನ ಹವಾಮಾನ ಬಹುಮಟ್ಟಿಗೆ ಅಲುಗಲೇ ಇಲ್ಲ. ಎರಡು ವರ್ಷಗಳ ನಂತರ ಮೆಕ್ಸಿಕೋದ ಎಲ್ ಚಿಚೋನ್ ಅದರ ಸುಮಾರು ಏಳು ಪಟ್ಟು ಅನಿಲವನ್ನು ಮೇಲಕ್ಕೆಸೆದು ತನ್ನ ಪ್ರಭಾವವನ್ನು ಸ್ಪಷ್ಟವಾಗಿ ತೋರಿಸಿತು. ತಾಂಬೋರಾದ ಲೆಕ್ಕ ಸುಮಾರು ಆರು ಕೋಟಿ ಟನ್.

ಇಷ್ಟಾದರೂ ಜಗತ್ತಿನ ಸರಾಸರಿ ಉಷ್ಣಾಂಶ ಆಗ ಇಳಿದದ್ದು ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್. ಅರ್ಧ ಡಿಗ್ರಿ ಎಂಬ ಈ ಮಾತು ಎಷ್ಟು ಮೋಸದ್ದೆಂದು ಇಂದು ಮಧ್ಯಾಹ್ನವೆಲ್ಲ ಯೋಚಿಸುತ್ತಿದ್ದೆ. ಸರಾಸರಿಯನ್ನು ಯಾರೂ ಉಣ್ಣುವುದಿಲ್ಲ. ಬೆಳೆಗೆ ಮುಖ್ಯವಾದುದು ಅದು ಹೂಬಿಡುವ ವಾರದ ಚಳಿ, ಕೊಯ್ಲಿನ ವಾರದ ಮಳೆ. ಅಂಥ ಒಂದು ರಾತ್ರಿ ಬಂದರೂ ವರ್ಷದ ಅನ್ನವೇ ತಪ್ಪುತ್ತದೆ. ಮಾನ್ಸೂನನ್ನು ನಂಬಿದ ನಾಡುಗಳಿಗೆ ಹೊಡೆತ ಬೀಳುವ ರೀತಿ ಇನ್ನೊಂದು. ಬಿಸಿಲು ತಗ್ಗಿದಾಗ ನೆಲವು ಕಡಲಿಗಿಂತ ಬೇಗ ತಣಿಯುತ್ತದೆ. ನೆಲ ಮತ್ತು ಕಡಲುಗಳ ನಡುವಿನ ಉಷ್ಣಾಂಶದ ಅಂತರ ಕುಗ್ಗಿ, ಕಡಲಿನಿಂದ ಆವಿಯಾಗುವ ನೀರೂ ಕಡಿಮೆಯಾಗಿ, ಮಳೆಯನ್ನು ಒಳನಾಡಿಗೆ ಎಳೆದು ತರುವ ಗಾಳಿ ಸೋಲುತ್ತದೆ.

ಈ ಮಾತಿಗೆ ನನಗೆ ಸಿಕ್ಕ ಅತ್ಯಂತ ಸ್ಪಷ್ಟ ಸಾಕ್ಷ್ಯ ತಾಂಬೋರಾದ್ದಲ್ಲ, ಐಸ್‌ಲೆಂಡಿನ ಲಾಕಿಯದು. 1783ರ ಜೂನ್ 8ರಂದು ಅಲ್ಲಿ 27 ಕಿಲೋಮೀಟರ್ ಉದ್ದಕ್ಕೆ ನೆಲ ಬಿರಿದು, ಎಂಟು ತಿಂಗಳ ಕಾಲ ಲಾವಾ ಹರಿಯಿತು. ಸುಮಾರು 12 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಹೊರಬಿತ್ತು. ಅದರೊಂದಿಗೆ ಬಂದ ಫ್ಲೋರಿನ್ ಹುಲ್ಲಿನ ಮೇಲೆ ಕುಳಿತು, ಮೇದ ದನಕುರಿಗಳ ಮೂಳೆ, ಹಲ್ಲುಗಳು ವಿಕಾರವಾಗಿ ಬೆಳೆದವು. ಯೋನ್ ಸ್ಟೇನ್‌ಗ್ರಿಮ್ಸನ್ ಎಂಬ ಪಾದ್ರಿ ಅದನ್ನೆಲ್ಲ ಹತ್ತಿರದಿಂದ ಕಂಡು ಬರೆದಿಟ್ಟರು. ದ್ವೀಪದ ದನಗಳಲ್ಲಿ ಸುಮಾರು ಅರ್ಧ, ಕುರಿಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಸತ್ತವು. ಅವನ್ನು ನಂಬಿದ್ದ ಜನರಲ್ಲಿ ಐದರಲ್ಲೊಂದು ಪಾಲು ಹಸಿವಿಗೆ ಬಲಿಯಾಯಿತು. ಆ ಬೇಸಿಗೆಯಲ್ಲಿ ಯುರೋಪಿನ ಮೇಲೆಲ್ಲ ಒಣ ಮಂಜು ಕವಿದಿತ್ತು. ಅತ್ತ ಈಜಿಪ್ಟಿನಲ್ಲಿ, ಆಫ್ರಿಕಾದ ಮಾನ್ಸೂನ್ ಸೋತದ್ದರಿಂದ ನೈಲ್ ನದಿಯ ನೆರೆ 1783ರಲ್ಲಿಯೂ 1784ರಲ್ಲಿಯೂ ಸಾಕಷ್ಟು ಏರಲಿಲ್ಲ. ದೇಶದ ಆರರಲ್ಲೊಂದು ಪಾಲು ಜನ ಸತ್ತರು ಅಥವಾ ಊರು ಬಿಟ್ಟರೆಂದು ಫ್ರೆಂಚ್ ಪ್ರವಾಸಿ ವೊಲ್ನೆ ಬರೆದ. ಮರುಭೂಮಿಯ ನಡುವಿನ ರೈತನೊಬ್ಬ ತನ್ನ ಬತ್ತಿದ ಕಾಲುವೆಗೆ ಹಿಮದ ನಾಡಿನ ಬೆಂಕಿಯನ್ನು ಹೊಣೆಯೆಂದು ಊಹಿಸುವುದಾದರೂ ಹೇಗೆ?

ಆ ಕಾಲದಲ್ಲಿಯೂ ಒಬ್ಬರು ಊಹಿಸಿದ್ದರು. ಆಗ ಪ್ಯಾರಿಸ್ಸಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್, ಭೂತಗನ್ನಡಿಯಿಂದ ಬಿಸಿಲನ್ನು ಒಂದೆಡೆ ಕೂಡಿಸಿದರೂ ಕಂದು ಕಾಗದ ಹೊತ್ತಿಕೊಳ್ಳುವುದೇ ಕಷ್ಟವಾಗಿತ್ತೆಂದು ಗಮನಿಸಿ, ಆ ಮಂಜು ಐಸ್‌ಲೆಂಡಿನ ಜ್ವಾಲಾಮುಖಿಯಿಂದ ಬಂದಿರಬಹುದೆಂದೂ, ಮುಂದಿನ ಕಠಿಣ ಚಳಿಗಾಲಕ್ಕೆ ಅದೇ ಕಾರಣವಿರಬಹುದೆಂದೂ 1784ರಲ್ಲಿ ಬರೆದರು. ಉಲ್ಕೆಯ ಹೊಗೆಯೂ ಇರಬಹುದೆಂದು ಜೊತೆಗೆ ಸೇರಿಸಿದ್ದರು. ಒಂದು ಗಾಜು, ಒಂದು ಚೂರು ಕಾಗದ, ಮತ್ತು ಖಚಿತವಲ್ಲದ್ದನ್ನು ಖಚಿತವೆನ್ನದ ಪ್ರಾಮಾಣಿಕತೆ: ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಇದು. ಆದರೆ 32 ವರ್ಷಗಳ ನಂತರ ಅದೇ ಯುರೋಪು ಹಸಿದಾಗ ಆ ಊಹೆ ಯಾರಿಗೂ ಒದಗಲಿಲ್ಲ.

ಇಂಡೊನೇಷ್ಯಾದ ಇನ್ನೊಂದು ಜ್ವಾಲಾಮುಖಿಯಾದ ಕ್ರಾಕಟೋವಾದ ಹೊತ್ತಿಗೆ ಕಾಲ ಬದಲಾಗಿತ್ತು. 1883ರ ಆಗಸ್ಟ್ 27ರಂದು ಅದು ಸಿಡಿದು, ಬಹುಮಟ್ಟಿಗೆ ಎದ್ದ ಸುನಾಮಿಗಳಿಂದಲೇ 36,000ಕ್ಕೂ ಹೆಚ್ಚು ಜನ ಸತ್ತ ಸುದ್ದಿಯನ್ನು ತಂತಿ ದೂರದ ನಗರಗಳಿಗೆ ಬೇಗನೆ ಮುಟ್ಟಿಸಿತು. ಕೆಲವು ತಿಂಗಳುಗಳ ನಂತರ ಅಮೆರಿಕದಲ್ಲಿ ಸಂಜೆಯ ಆಕಾಶ ಎಷ್ಟು ಕೆಂಪಾಯಿತೆಂದರೆ, ಎಲ್ಲೋ ಬೆಂಕಿ ಬಿದ್ದಿದೆಯೆಂದು ಅಗ್ನಿಶಾಮಕ ದಳದವರನ್ನು ಕರೆದರು. ಪತ್ರಿಕೆಯ ಸುದ್ದಿಯನ್ನೂ ಆಕಾಶದ ಬಣ್ಣವನ್ನೂ ಜೋಡಿಸಿ ನೋಡುವ ಅವಕಾಶ ಮನುಷ್ಯನಿಗೆ ಆಗ ದೊರೆಯಿತು.

ಇನ್ನೂ ಹಳೆಯ ಕಾರಣಗಳು ಸಿಕ್ಕಿರುವುದು ಮಂಜುಗಡ್ಡೆಯಲ್ಲಿ. ಗ್ರೀನ್‌ಲೆಂಡ್ ಮತ್ತು ಅಂಟಾರ್ಕ್ಟಿಕಾದಲ್ಲಿ ಹಿಮ ವರ್ಷಕ್ಕೊಂದು ಪದರದಂತೆ ಶೇಖರವಾಗುತ್ತದೆ. ಅದನ್ನು ಕಂಬದಂತೆ ಕೊರೆದು ತೆಗೆದರೆ, ದೊಡ್ಡ ಸ್ಫೋಟವಾದ ವರ್ಷಗಳ ಪದರದಲ್ಲಿ ಗಂಧಕದ ಗುರುತು ಉಳಿದಿರುತ್ತದೆ. ಕ್ರಿ.ಶ. 536ರಲ್ಲಿ ಸೂರ್ಯ ಚಂದ್ರನಂತೆ ಮಂಕಾಗಿದ್ದನೆಂದು ಬೈಜಾಂಟಿಯಂನ ಇತಿಹಾಸಕಾರ ಪ್ರೊಕೋಪಿಯಸ್ ಬರೆದ ಮಾತನ್ನು ಹೀಗೆಯೇ ತಾಳೆ ನೋಡಲಾಯಿತು. 13ನೆಯ ಶತಮಾನದ ನಡುವಿನ ಪದರದಲ್ಲಿ ಎರಡೂ ಧ್ರುವಗಳಲ್ಲಿ ಬಹುದೊಡ್ಡ ಗುರುತೊಂದು ಕಾಣುತ್ತಿತ್ತಾದರೂ, ಅದು ಯಾವ ಪರ್ವತದ್ದೆಂದು ದಶಕಗಳ ಕಾಲ ಗೊತ್ತಾಗಿರಲಿಲ್ಲ. 2013ರಲ್ಲಿ ವಿಜ್ಞಾನಿಗಳು ಅದನ್ನು ಲೊಂಬೊಕ್ ದ್ವೀಪದ ಸಮಾಲಾಸ್ ಎಂದು, 1257ರದ್ದೆಂದು ಗುರುತಿಸಿದರು. ಸಮಾಲಾಸ್ ಕುಸಿದು ಪಾಮತಾನ್ ಎಂಬ ನಗರ ನಾಶವಾದ ಕಥೆ ಲೊಂಬೊಕ್‌ನ ತಾಳೆಗರಿಗಳಲ್ಲಿ ಮೊದಲಿನಿಂದಲೂ ಇತ್ತು. ಜಗತ್ತು ಹುಡುಕುತ್ತಿದ್ದ ಕಾರಣವನ್ನು ಆ ದ್ವೀಪದವರು ಎಂದೋ ಬರೆದಿಟ್ಟುಕೊಂಡಿದ್ದರು.

ಕಾರಣವನ್ನು ಮೊದಲೇ ತಿಳಿದು ಪರಿಣಾಮವನ್ನು ಕಾದು ಕುಳಿತ ಘಟನೆ ನನ್ನ ತಲೆಮಾರಿನದು. 1991ರ ಜೂನ್ 15ರಂದು ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದು ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಸಲ್ಫರ್ ಡೈಆಕ್ಸೈಡನ್ನು ಮೇಲಕ್ಕೆ ಕಳುಹಿಸಿತು. ಉಪಗ್ರಹಗಳು ಆ ಮೋಡ ಸುಮಾರು ಮೂರು ವಾರಗಳಲ್ಲಿ ಭೂಮಿಯನ್ನು ಸುತ್ತಿದ್ದನ್ನು ಕಂಡವು. ಅಮೆರಿಕದ ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸೆನ್ ಮತ್ತು ಸಂಗಡಿಗರು ಗಣಕದ ಮಾದರಿಯಿಂದ ಲೆಕ್ಕಹಾಕಿ, ಭೂಮಿ ಸುಮಾರು ಅರ್ಧ ಡಿಗ್ರಿ ತಣಿಯುತ್ತದೆಂದು 1992ರ ಆರಂಭದಲ್ಲಿ ಪ್ರಕಟಿಸಿದರು, ಮತ್ತು ಬಹುಮಟ್ಟಿಗೆ ಹಾಗೆಯೇ ಆಯಿತು. ಸ್ಫೋಟಕ್ಕೆ ಮೊದಲೇ ಹತ್ತಾರು ಸಾವಿರ ಜನರನ್ನು ಸ್ಥಳಾಂತರಿಸಿದ್ದರಿಂದ ಅನೇಕ ಜೀವಗಳು ಉಳಿದವು; ಅದೇ ದಿನ ಬಂದ ಚಂಡಮಾರುತದ ಮಳೆಗೆ ನೆನೆದ ಬೂದಿಯ ಭಾರದಿಂದ ಚಾವಣಿಗಳು ಕುಸಿದು ನೂರಾರು ಜನ ಸತ್ತರು ಎಂಬುದನ್ನೂ ಬರೆದಿಡಬೇಕು. ಆದರೆ ಅರಿವೊಂದೇ ಸಾಲದು. 1985ರಲ್ಲಿ ಕೊಲಂಬಿಯಾದ ನೆವಾಡೊ ಡೆಲ್ ರೂಯಿಜ್ ಪರ್ವತದ ಹಿಮ ಕರಗಿ ಕೆಸರಿನ ಪ್ರವಾಹ ಬರಬಹುದೆಂದು ಅಪಾಯದ ನಕ್ಷೆ ಮೊದಲೇ ತೋರಿಸಿತ್ತು. ಆದರೂ ಆರ್ಮೆರೊ ಪಟ್ಟಣವನ್ನು ತೆರವು ಮಾಡಲಿಲ್ಲ, 20,000ಕ್ಕೂ ಹೆಚ್ಚು ಜನ ಒಂದೇ ರಾತ್ರಿ ಕೆಸರಿನಡಿ ಹೂತುಹೋದರು.

ಜ್ವಾಲಾಮುಖಿಗಳೇ ಭೂಮಿಯನ್ನು ಬಿಸಿ ಮಾಡುತ್ತಿವೆ ಎಂಬ ಮಾತನ್ನು ಆಗಾಗ ಕೇಳುತ್ತೇನೆ; ಅದು ನಿಜವಲ್ಲ. ಜಗತ್ತಿನ ಎಲ್ಲ ಜ್ವಾಲಾಮುಖಿಗಳೂ ಸೇರಿ ವರ್ಷಕ್ಕೆ ಹೊರಬಿಡುವ ಕಾರ್ಬನ್ ಡೈಆಕ್ಸೈಡ್ ಮನುಷ್ಯರು ಹೊರಬಿಡುವುದರ ಶೇಕಡಾ ಒಂದು ಭಾಗದಷ್ಟೂ ಇಲ್ಲ. ಪಿನಾಟುಬೊ ತಂದ ತಂಪು ಕೆಲವೇ ವರ್ಷಗಳಲ್ಲಿ ಕರಗಿತು. ನಾವು ತುಂಬಿದ ಅನಿಲ ಶತಮಾನಗಳವರೆಗೆ ಉಳಿಯುತ್ತದೆ. ಹಾಗಿದ್ದರೆ ಗಂಧಕವನ್ನು ನಾವೇ ಮೇಲಕ್ಕೆ ಕಳುಹಿಸಿ ಭೂಮಿಯನ್ನು ತಣಿಸಬಾರದೇಕೆ ಎಂಬ ಚರ್ಚೆ ನಡೆಯುತ್ತಿದೆ. ನೈಲ್ ನದಿಯ ಆ ಎರಡು ವರ್ಷಗಳನ್ನು ಓದಿದ ಮೇಲೆ, ಯಾರ ಮಳೆಯನ್ನು ಒತ್ತೆಯಿಟ್ಟು ಯಾರಿಗೆ ತಂಪು ತರುತ್ತೇವೆ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಅದಕ್ಕೆ ಕೈಹಾಕಬಾರದೆಂದು ನನಗೆ ದೃಢವಾಗಿ ಅನ್ನಿಸುತ್ತದೆ.

ಕತ್ತಲಾಗಿದೆ. ಟಿಪ್ಪಣಿ ಪುಸ್ತಕದ ಕೊನೆಯ ಪುಟದಲ್ಲಿ ತಾಂಬೋರಾದ ಬಗ್ಗೆಯೇ ಬರೆದುಕೊಂಡ ಒಂದು ಸಂಗತಿ ಉಳಿದಿದೆ. ಆ ಪರ್ವತದ ಬುಡದಲ್ಲಿದ್ದ ಜನರಿಗೆ, ಸುತ್ತಲಿನ ಯಾವ ನುಡಿಗೂ ಹೋಲದ ತಮ್ಮದೇ ಒಂದು ನುಡಿಯಿತ್ತು. ಅದನ್ನಾಡುವವರು ಇಲ್ಲವಾಗಿ ಆ ನುಡಿಯೂ ಅಳಿದುಹೋಯಿತು. ಈಗ ಉಳಿದಿರುವುದು ಸ್ಫೋಟಕ್ಕೆ ಮೊದಲು ಹೊರಗಿನವರು ಬರೆದುಕೊಂಡ, ಐವತ್ತು ಪದಗಳೂ ಇಲ್ಲದ ಒಂದು ಪಟ್ಟಿ. ಒಂದು, ಎರಡು, ಮೂರು ಎಂಬ ಎಣಿಕೆ ಅದರಲ್ಲಿದೆ; ಕಣ್ಣಿಗೆ, ಕೈಗೆ, ನೀರಿಗೆ, ಬೆಂಕಿಗೆ, ಸೂರ್ಯನಿಗೆ ಅವರು ಏನೆನ್ನುತ್ತಿದ್ದರೆಂಬುದಿದೆ.